ಜಿದ್ದಾದ ಏಕರೂಪ ಶಾಸನ

ಜಿದ್ದಾ: ಇಳಿದ ದಿನ

ಸೌದಿ ಅರೇಬಿಯಾಕ್ಕೆ ಹೋಗಿ ಬಂದೆ ಎಂದರೆ ಸಾಕು, ಊರಿನಲ್ಲಿ ಎಲ್ಲರೂ ಕೇಳುವುದು ಒಂಟೆಯ ವಿಷಯ. ಒಂಟೆಯನ್ನು ನಾನು ಕಾರಿನ ಕಿಟಕಿಯಿಂದ ನೋಡಿದೆ, ಅದೂ ನನ್ನನ್ನು ನೋಡಿ ಮುಖ ತಿರುಗಿಸಿತು, ಅಲ್ಲಿಗೆ ಆ ವಿಷಯ ಮುಗಿಯಿತು. ನಾನು ಅಲ್ಲಿ ನಿಜವಾಗಿ ಕಂಡು ಬಂದದ್ದು ನಾನೂರು ಚಿಲ್ಲರೆ ವರ್ಷ ಹಿಂದಿನ ಇಂಗ್ಲೆಂಡನ್ನು. ಇದನ್ನು ಹೇಳಿದಾಗ ನನ್ನ ತಂಗಿ, "ಅಕ್ಕ, ಬಿಸಿಲು ತಲೆಗೆ ಹತ್ತಿರಬೇಕು" ಎಂದಳು. ಅವಳಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪುತ್ತೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ನಾನು ಇಂಗ್ಲೆಂಡಿನ ಇತಿಹಾಸ ಪಾಠ ಮಾಡಿದವಳು. ಆರು ಮದುವೆಯಾದ ಅರಸ ರೋಮಿನ ಪೋಪರೊಡನೆ ಜಗಳವಾಡಿ ತನ್ನ ದೇಶದ ಚರ್ಚಿಗೆ ತಾನೇ ಯಜಮಾನನಾದದ್ದು, ಅವನ ಮಕ್ಕಳ ಕಾಲದಲ್ಲಿ ದೇಶಕ್ಕೆಲ್ಲ ಒಂದೇ ಪ್ರಾರ್ಥನಾ ಪುಸ್ತಕ ಎಂದು ಏಕರೂಪ ಶಾಸನ ಹೊರಡಿಸಿದ್ದು, ಒಪ್ಪದ ಪಾದ್ರಿಗಳನ್ನು ಕರೆಸಿ ವಿಚಾರಣೆ ನಡೆಸಿದ್ದು, ಇವೆಲ್ಲ ನನಗೆ ಅನ್ನ ಹಾಕಿದ ಸಂಗತಿಗಳು. ಟೈಮ್‌ಟೇಬಲ್ ಹಾಕುವವರಿಗೆ ನನ್ನ ಮೇಲೆ ಏನು ಸಿಟ್ಟೋ, ಊಟದ ನಂತರದ ಪೀರಿಯಡ್ ಯಾವಾಗಲೂ ನನ್ನ ಪಾಲಿಗೆ. ಆ ಹೊತ್ತಿನಲ್ಲಿ ಎಚ್ಚರವಿದ್ದ ಕೆಲವೇ ವಿದ್ಯಾರ್ಥಿಗಳಲ್ಲಿ ಹನೀಫ್ ಒಬ್ಬ. ಈಗ ಅವನು ಜಿದ್ದಾ ಬಂದರಿನಲ್ಲಿ ಸರಕು ಬಿಡಿಸುವ ಕಂಪನಿಯೊಂದರಲ್ಲಿದ್ದಾನೆ. ಅಲ್ಲಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆಸಿದವನೂ ಅವನೇ.

ವಿಮಾನ ನಿಲ್ದಾಣದಲ್ಲಿ ಬೆರಳಚ್ಚಿನ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ಗೆರೆಯೆಲ್ಲ ಸವೆದು ಹೋಗಿದೆ. ಊರಿನ ಕಚೇರಿಯಾಗಿದ್ದರೆ "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುತ್ತಿದ್ದರು. ಇಲ್ಲಿ ಕಣ್ಣು ಮಾತ್ರ ಕಾಣುವ ಹುಡುಗಿಯೊಬ್ಬಳು ಎದ್ದು ಬಂದು, ನನ್ನ ಬೆರಳನ್ನು ಒರೆಸಿ, ಉಸಿರೂದಿ, ತಾನೇ ಒತ್ತಿ ಹಿಡಿದಳು. ಯಂತ್ರ ಸುಮ್ಮನೆ ಒಪ್ಪಿಕೊಂಡಿತು.

ಕಾರಿನಲ್ಲಿ ಹನೀಫ್ ಮೊದಲು ಮಾಡಿದ್ದು ತನ್ನ ಮನೆಯ ಕಷ್ಟ ಹೇಳಿಕೊಂಡದ್ದು. ಅವನ ಹೆಂಡತಿ ಝುಬೈದಾ ಊರಿನಲ್ಲಿದ್ದಾಗ ಪ್ರೈಮರಿ ಶಾಲೆಯ ಟೀಚರ್. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಪ್ರತಿ ಶನಿವಾರ ಬೆಳಿಗ್ಗೆ ತನ್ನ ಮನೆಯ ಹಾಲಿನಲ್ಲಿ, ಸಂಘದ ಹೆಸರಿನಲ್ಲಿ, ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಸಂಘದ ಅಧ್ಯಕ್ಷರು ಮೂರ್ತಿ ಎಂಬವರು, ಮೈಸೂರಿನವರು, ಕಟ್ಟಡದ ಕಂಪನಿಯಲ್ಲಿ ದೊಡ್ಡ ಎಂಜಿನಿಯರ್. ಅವರ ಮಗಳು ಸಾನ್ವಿಯೂ ಈ ತರಗತಿಗೆ ಬರುತ್ತಾಳೆ. ಒಂದು ದಿನ ಆ ಹುಡುಗಿ ಮೈಸೂರಿನ ಅಜ್ಜಿಗೆ ಫೋನಿನಲ್ಲಿ, "ಎಂತ ಪದಾರ್ಥ ಮಾರಾಯ್ತಿ?" ಎಂದು ಕೇಳಿಬಿಟ್ಟಳಂತೆ.

ನಮ್ಮ ಕಡೆಯಲ್ಲಿ ಪದಾರ್ಥವೆಂದರೆ ಊಟಕ್ಕೆ ಮಾಡಿದ ಸಾಂಬಾರೋ ಗಸಿಯೋ. ಮೈಸೂರಿನ ಅಜ್ಜಿಗೆ ಪದಾರ್ಥವೆಂದರೆ ವಿಜ್ಞಾನದ ಪುಸ್ತಕದಲ್ಲಿ ಇರುವಂಥದ್ದು. ನಾವು ಸಲುಗೆಯಿಂದ ಹೇಳುವ ಮಾರಾಯ್ತಿ ಎಂಬುದಂತೂ ಅವರ ಕಿವಿಗೆ ಬೈಗುಳದ ಹಾಗೆ ಕೇಳಿಸಿತು. ಅಜ್ಜಿ ಅವತ್ತು ಊಟ ಬಿಟ್ಟರು. ಜಿದ್ದಾದಲ್ಲಿ ತುರ್ತು ಸಮಿತಿ ಕೂತಿತು. ಸಂಘದ ಮಕ್ಕಳಿಗೆಲ್ಲ ಒಂದೇ ಶುದ್ಧ ಕನ್ನಡ, ಅದಕ್ಕೆ ಸಂಘವೇ ಮಾಡಿಸಿದ ಒಂದೇ ಪುಸ್ತಕ ಎಂದು ನಿರ್ಣಯವಾಯಿತು. ಝುಬೈದಾ ಪುಸ್ತಕವನ್ನು ತೆಗೆದುಕೊಂಡು, ಪಾಠವನ್ನು ಮಾತ್ರ ತಾನು ಮಾತಾಡುವ ಹಾಗೆಯೇ ಮುಂದುವರಿಸಿದಳು.

"ಈಗ ಸಮಿತಿ ಎದುರು ಕ್ಷಮೆ ಕೇಳ್ಬೇಕಂತೆ ಮೇಡಂ" ಎಂದ ಹನೀಫ್. "ಇಲ್ಲದಿದ್ರೆ ಕ್ಲಾಸು ಬೇರೆಯವರಿಗೆ ಕೊಡ್ತಾರಂತೆ. ಅವಳಿಗೆ ಇಲ್ಲಿ ಇರುದೇ ಅದೊಂದು."

ಶರಫಿಯಾ: ಮೂರನೆಯ ಮಹಡಿ

ಹನೀಫನ ಮನೆ ಜಿದ್ದಾದ ಶರಫಿಯಾ ಎಂಬ ಬಡಾವಣೆಯಲ್ಲಿ. ಅಲ್ಲಿನ ಲಿಫ್ಟಿನೊಳಗೆ ಬರುವ ಪ್ರತಿಯೊಬ್ಬನೂ ಒಳಗಿದ್ದವರಿಗೆಲ್ಲ ಸಲಾಂ ಹೇಳುತ್ತಾನೆ. ಗುರುತು ಪರಿಚಯ ಬೇಕಿಲ್ಲ. ಮಂಗಳೂರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಲಿಫ್ಟಿನೊಳಗೆ ನನ್ನನ್ನು ಕಂಡರೆ ಮೊಬೈಲಿನೊಳಗೆ ಇಳಿದುಬಿಡುತ್ತಾರೆ. ನಾನೂ ಎರಡನೆಯ ದಿನದಿಂದ ಎಲ್ಲರಿಗೂ ಜೋರಾಗಿ ನಮಸ್ಕಾರ ಹೇಳತೊಡಗಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಶನಿವಾರ ತರಗತಿ ನೋಡಲು ಕೂತೆ. ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರುವಾಗ ಇಂಗ್ಲಿಷು, ಚಾಪೆಯ ಮೇಲೆ ಕೂತ ಮೇಲೆ ಕನ್ನಡ. ಝುಬೈದಾ ಬೈಯುವುದಿಲ್ಲ, ತಮಾಷೆ ಮಾಡುತ್ತಾಳೆ. ಅವಳ ಮನೆಮಾತು ಬ್ಯಾರಿ, ನನ್ನ ಮನೆಮಾತು ತುಳು. ನಮ್ಮಿಬ್ಬರಿಗೂ ಕನ್ನಡ ಶಾಲೆಗೆ ಹೋಗಿ ಕಲಿತ ಮಾತು, ಆದ್ದರಿಂದಲೇ ಅದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ ಎಂದು ನನಗೆ ಯಾವಾಗಲೂ ಅನಿಸಿದೆ.

ಪಾಠ ಅರ್ಧವಾಗಿರುವಾಗ ಸಂಘದ ಕಾರ್ಯದರ್ಶಿಗಳು ತಪಾಸಣೆಗೆ ಬಂದರು. ಬೆಂಗಳೂರಿನವರು, ಇಸ್ತ್ರಿ ಮುರಿಯದ ಅಂಗಿ. ಆ ಆರು ಮದುವೆಯ ಅರಸನ ಮಗಳು ರಾಣಿಯಾಗಿದ್ದ ಕಾಲದ ಬಿಷಪ್ಪರು ಹೀಗೆಯೇ ಊರೂರಿಗೆ ಬಂದು, ಇಲ್ಲಿನ ಪಾದ್ರಿ ಪುಸ್ತಕದಲ್ಲಿದ್ದಂತೆ ಓದುತ್ತಾನೋ, ಕಳ್ಳತನದಲ್ಲಿ ಹಳೆಯದನ್ನು ಸೇರಿಸುತ್ತಾನೋ ಎಂದು ಜನರನ್ನು ಕೇಳುತ್ತಿದ್ದರು. ನನಗೆ ಪಾಠದ ಪುಟವೇ ಎದ್ದು ನಡೆದು ಬಂದ ಹಾಗಾಯಿತು.

ಕಾರ್ಯದರ್ಶಿಗಳು ಸಂಘದ ಪುಸ್ತಕ ತೆರೆದು ಒಂದು ಚಿತ್ರಕ್ಕೆ ಬೆರಳಿಟ್ಟರು. ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಬೊಂಡ. "ಪುಟ್ಟಿ, ಬೊಂಡ ಅಂದ್ರೇನು ಹೇಳು?"

ಸಾನ್ವಿ ಎದ್ದು ನಿಂತು, "ಕುಡಿಯುದು" ಎಂದಳು.

"ಕುಡಿಯೋದಾ?"

"ಹೌದು. ಸ್ಟ್ರಾ ಹಾಕಿ."

ಕರಾವಳಿಯಲ್ಲಿ ಬೊಂಡವೆಂದರೆ ಎಳನೀರು ಎಂದು ನಾನು ವಿವರಿಸಲು ಹೋದೆ. ಕಾರ್ಯದರ್ಶಿಗಳು ಕೇಳಿಸಿಕೊಳ್ಳಲಿಲ್ಲ, ಪುಸ್ತಕದಲ್ಲಿ ಹಾಗಿಲ್ಲ ಎಂದರು. ಚರ್ಚಿನ ಪೂಜೆಯ ರೊಟ್ಟಿ ದೇವರ ದೇಹವಾಗುತ್ತದೋ, ಕೊನೆಗೂ ರೊಟ್ಟಿಯಾಗಿಯೇ ಉಳಿಯುತ್ತದೋ ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರನ್ನು ಇಂಗ್ಲೆಂಡಿನಲ್ಲಿ ಸುಟ್ಟಿದ್ದಾರೆ. ಇಲ್ಲಿ ಅಷ್ಟು ದೂರ ಹೋಗಲಿಲ್ಲ. ವಿಚಾರಣೆಯ ದಿನವನ್ನು ವಾಟ್ಸಾಪಿನಲ್ಲಿ ತಿಳಿಸುತ್ತೇವೆ ಎಂದು ಹೇಳಿ, ಝುಬೈದಾ ಕೊಟ್ಟ ಚಹಾ ಕುಡಿದು ಹೊರಟರು.

ಸಂಘದ ಸಭಾಂಗಣ

ನನ್ನ ಉಪನ್ಯಾಸವನ್ನು ನಾನು ಉಪಾಯದಿಂದ ಕಟ್ಟಿದ್ದೆ. ಯಾರ ಹೆಸರನ್ನೂ ಎತ್ತದೆ, ಇಂಗ್ಲೆಂಡಿನ ಕಥೆ ಹೇಳುತ್ತಲೇ, ಮೂರ್ತಿಯವರ ಸಮಿತಿಗೆ ನಾಚಿಕೆಯಾಗುವಂತೆ ಮಾಡುವುದು.

ಇಂಗ್ಲೆಂಡಿನದೇ ಒಂದು ಮೂಲೆಯಾದ ಕಾರ್ನ್‌ವಾಲಿನ ಜನರ ಕಥೆ ಹೇಳಿದೆ. ಲಂಡನ್ನಿನಿಂದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಂದಾಗ, ನಮ್ಮಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷೇ ತಿಳಿಯದು, ಈ ಹೊಸ ಪುಸ್ತಕ ಬೇಡ ಎಂದು ದಂಗೆ ಎದ್ದವರು ಅವರು. ಧರ್ಮದ ನ್ಯಾಯಮಂಡಳಿಯ ಪ್ರಮಾಣದ ವಿಷಯ ಹೇಳಿದೆ. ಕರೆಸಿಕೊಂಡವನು ಮೊದಲು, ಏನು ಕೇಳಿದರೂ ಸತ್ಯವನ್ನೇ ಹೇಳುತ್ತೇನೆ ಎಂದು ಆಣೆ ಮಾಡಬೇಕು, ಪ್ರಶ್ನೆ ಏನೆಂದು ಆಮೇಲೆ ತಿಳಿಸುತ್ತಾರೆ. ಆ ಕಾಲದ ನ್ಯಾಯದಲ್ಲಿ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ ಎಂದು ಒತ್ತಿ ಹೇಳಿದೆ. ಪೋಪರನ್ನು ಬಿಡದೆ ಅಡಗಿ ಬಾಳುತ್ತಿದ್ದ ಕ್ಯಾಥೊಲಿಕ್ ಪಾದ್ರಿಗಳು ಸಿಕ್ಕಿಬಿದ್ದಾಗ ಸುಳ್ಳೂ ಹೇಳದೆ, ನಿಜವನ್ನೂ ಬಿಟ್ಟುಕೊಡದೆ, ಎರಡು ಅರ್ಥ ಬರುವ ಮಾತಾಡಿ ತಪ್ಪಿಸಿಕೊಳ್ಳಲು ನೋಡುತ್ತಿದ್ದರು ಎಂದೂ ಸೇರಿಸಿದೆ. ಎದುರಿಗಿದ್ದವರು ನಿದ್ದೆ ಮಾಡಲಿಲ್ಲ. ನನಗೆ ಅದೇ ಒಂದು ಸಂತೋಷ.

ಮೂರ್ತಿಯವರು ವಂದನಾರ್ಪಣೆಗೆ ಎದ್ದರು. "ನಾಲ್ಕು ಶತಮಾನದ ಹಿಂದೆ ಎಂಥ ವ್ಯವಸ್ಥಿತ ಆಡಳಿತ ಇತ್ತು ಅಂತ ಮೇಡಂ ತಿಳಿಸಿಕೊಟ್ರು. ಒಂದು ದೇಶ, ಒಂದು ಪುಸ್ತಕ. ನಮ್ಮ ಸಂಘಕ್ಕೆ ಬೇಕಾಗಿರೋದೂ ಇದೇ ಶಿಸ್ತು."

ಚಪ್ಪಾಳೆಯ ನಡುವೆ ಕಾರ್ಯದರ್ಶಿಗಳು ನನ್ನ ಕಿವಿಯ ಹತ್ತಿರ ಬಗ್ಗಿದರು. "ಪ್ರಮಾಣ ಮೊದಲು, ಪ್ರಶ್ನೆ ಆಮೇಲೆ. ಐಡಿಯಾ ತುಂಬಾ ಚೆನ್ನಾಗಿದೆ ಮೇಡಂ. ನಾವೂ ಹಾಗೇ ಮಾಡ್ತೀವಿ. ವಿಚಾರಣೆ ದಿನ ನೀವೂ ನಮ್ಮ ಜೊತೆ ಕೂತ್ಕೋಬೇಕು, ನಿಷ್ಪಕ್ಷಪಾತವಾದ ಹಿರಿಯರು ಅಂತ."

ಊಟದ ನಂತರದ ಪೀರಿಯಡ್ಡಿನಲ್ಲಿ ಮಲಗಿದ್ದ ನನ್ನ ವಿದ್ಯಾರ್ಥಿಗಳ ಮೇಲೆ ಅವತ್ತು ಮೊದಲ ಸಲ ಗೌರವ ಬಂತು. ಅವರು ನನ್ನ ಪಾಠದಿಂದ ಯಾರಿಗೂ ಏನೂ ಕೇಡು ಮಾಡಿರಲಿಲ್ಲ. ಜನ ಎದ್ದು ಹೊರಟರೂ ಹಿಂದಿನ ಸಾಲಿನಲ್ಲಿ ಝುಬೈದಾ ಒಬ್ಬಳೇ ಇನ್ನೂ ಕೂತಿದ್ದಳು, ಏನೋ ಯೋಚನೆಯಲ್ಲಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ತಾಯಿಫ್

ನನ್ನ ಮನಸ್ಸು ಸರಿ ಮಾಡಲೆಂದು ಹನೀಫ್ ನನ್ನನ್ನೂ ಝುಬೈದಾಳನ್ನೂ ಬೆಟ್ಟದ ಮೇಲಿನ ತಾಯಿಫಿಗೆ ಕರೆದುಕೊಂಡು ಹೋದ. ಮುಸ್ಲಿಮಳಲ್ಲದ ನಾನಿದ್ದ ಕಾರಣ ಮಕ್ಕಾ ಊರನ್ನು ಬಿಟ್ಟು ಬಳಸಿ ಹೋಗುವ ರಸ್ತೆ ಹಿಡಿದ. ಆಮೇಲೆ ಬೆಟ್ಟ. ಚಾರ್ಮಾಡಿ ಘಾಟಿಯ ಮರಗಳನ್ನೆಲ್ಲ ಕಿತ್ತು ಬರೀ ಕಲ್ಲು ಉಳಿಸಿದರೆ ಹೇಗಿದ್ದೀತೋ ಹಾಗಿದೆ. ತಿರುವಿನಲ್ಲಿ ಕಪಿಗಳಿವೆ, ನಮ್ಮವಕ್ಕಿಂತ ದೊಡ್ಡವು. ಅವುಗಳಲ್ಲಿ ಒಂದು ನನ್ನ ಕೈಯಿಂದ ಬಾಳೆಹಣ್ಣು ತೆಗೆದುಕೊಂಡಿತು, ಸಿಪ್ಪೆ ಸುಲಿದು ನೋಡಿತು, ಕೊಳೆತ ತುದಿಯನ್ನು ನನ್ನ ಕಾಲಬುಡಕ್ಕೆ ಎಸೆದು ಉಳಿದದ್ದನ್ನು ತಿಂದಿತು.

ತಾಯಿಫಿನಲ್ಲಿ ಗುಲಾಬಿಯ ಅಂಗಡಿಗಳು ಸಾಲಾಗಿವೆ. ಹನೀಫ್ ಕಾರು ನಿಲ್ಲಿಸಲು ಜಾಗ ಹುಡುಕುತ್ತಿರುವಾಗ ನಾನೊಬ್ಬಳೇ ಒಂದು ಅಂಗಡಿಗೆ ನುಗ್ಗಿದೆ. ಚಿಕ್ಕ ಬಾಟಲಿಯ ಪನ್ನೀರು ಉಂಟೋ ಎಂದು ಕೈಸನ್ನೆಯಲ್ಲಿ ಕೇಳಿದೆ. ಅಂಗಡಿಯ ಮುದುಕ, "ಮಾಫಿ" ಎಂದ. ನನ್ನ ಹಿಂದಿಯಲ್ಲಿ, ಪರವಾಗಿಲ್ಲ ಎಂದೆ. ಗುಲಾಬಿಯ ಸೋಪು ತೋರಿಸಿ ಎಂದೆ. ಪುನಃ "ಮಾಫಿ." ಛೆ, ಇಷ್ಟಕ್ಕೆಲ್ಲ ಯಾಕೆ ಎಂದೆ. ಕೂರಲು ಒಂದು ಕುರ್ಚಿ ಕೇಳಿದಾಗಲೂ ಆತ "ಮಾಫಿ, ಮಾಫಿ" ಎಂದು ಎರಡು ಕೈಯನ್ನೂ ಆಡಿಸಿದ. ನಾನು ಅವನ ಕೈಯನ್ನೇ ಹಿಡಿದು ಸಮಾಧಾನ ಮಾಡಿದೆ. ಮಾತು ಮಾತಿಗೆ ಕ್ಷಮೆ ಕೇಳುವ ಇಂಥ ವಿನಯವಂತರನ್ನು ನಾನು ಎಲ್ಲೂ ನೋಡಿಲ್ಲ ಎಂದು ಆ ಸಂಜೆಯೇ ತಂಗಿಗೆ ಸಂದೇಶ ಕಳಿಸಿದೆ.

ಹಿಂತಿರುಗುವ ಮೊದಲು ಬೆಟ್ಟದ ಅಂಚಿನ ಕಟ್ಟೆಯ ಮೇಲೆ ಝುಬೈದಾ ನನ್ನ ಪಕ್ಕ ಕೂತಳು.

"ಸಾನ್ವಿ ಅಜ್ಜಿಗೆ ಮಾರಾಯ್ತಿ ಹೇಳಿದ್ದು ತಪ್ಪೇ ಮೇಡಂ. ಹಿರಿಯರಿಗೆ ಹಾಗೆ ಹೇಳ್ಲಿಕ್ಕಿಲ್ಲ ಅಂತ ಅವಳಿಗೆ ಹೇಳಿ ಆಯ್ತು. ಆದ್ರೆ ಪದಾರ್ಥ, ಬೊಂಡ, ಉಂಟು, ಎಂತ, ಇದಕ್ಕೆಲ್ಲ ನಾನು ಕ್ಷಮೆ ಕೇಳುದಾದ್ರೆ, ನನಗೆ ಒಂದನೇ ಕ್ಲಾಸಲ್ಲಿ ಕನ್ನಡ ಕಲಿಸಿದ ಟೀಚರಿಗೂ ಸೇರಿಸಿ ಕೇಳಿದ ಹಾಗಲ್ವಾ?"

"ಕೇಳಬೇಡ" ಎಂದೆ.

"ಕೇಳದಿದ್ರೆ ಕ್ಲಾಸ್ ಹೋಗ್ತದೆ. ಇದು ಹೋದ್ರೆ ನನಗೆ ವಾರ ಇಡೀ ಯಾವ ದಿನವೂ ಒಂದೇ. ಮಕ್ಕಳೂ ಬೇರೆಯವರ ಕ್ಲಾಸಿಗೆ ಹೋಗ್ಲಿಕ್ಕಿಲ್ಲ ಮೇಡಂ, ಆ ಪುಸ್ತಕ ನೋಡಿದ್ರೆ ನನಗೇ ನಿದ್ದೆ ಬರ್ತದೆ."

ಮೂವತ್ತು ವರ್ಷ ಹುತಾತ್ಮರ ಬಗ್ಗೆ ಪಾಠ ಮಾಡುವುದು ಸುಲಭ, ಒಬ್ಬಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂರುವುದು ಕಷ್ಟ. ಅವಳ ಮೇಲೆ ನನಗೆ ಬಹಳ ಕನಿಕರವಾಯಿತು, ಅಷ್ಟೇ ಸಿಟ್ಟು ಸಮಿತಿಯ ಮೇಲೆ ಬಂತು.

ಮತ್ತೆ ಜಿದ್ದಾ: ವಿಚಾರಣೆ

ಮೇಜಿನ ಹಿಂದೆ ಮೂರ್ತಿಯವರು, ಅವರ ಒಂದು ಕಡೆ ಕಾರ್ಯದರ್ಶಿಗಳು, ಇನ್ನೊಂದು ಕಡೆ ನಿಷ್ಪಕ್ಷಪಾತವಾದ ನಾನು. ಎದುರಿಗೆ ಒಂದೇ ಕುರ್ಚಿ. ಹಿಂದಿನ ಸಾಲುಗಳಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಜನ ಸುಲೈಮಾನಿ ಚಹಾದ ಲೋಟ ಹಿಡಿದು ತುಂಬಿಕೊಂಡಿದ್ದರು.

"ಮೊದಲು ಪ್ರಮಾಣ. ಕೇಳೋ ಎಲ್ಲ ಪ್ರಶ್ನೆಗೂ ಸತ್ಯವನ್ನೇ ಹೇಳ್ತೀನಿ ಅಂತ" ಎಂದರು ಕಾರ್ಯದರ್ಶಿಗಳು.

"ಎಂತ ಪ್ರಶ್ನೆ ಸರ್?" ಎಂದಳು ಝುಬೈದಾ.

"ಅದು ಆಮೇಲೆ." ನನ್ನ ಕಡೆ ತಿರುಗಿ ಮುಗುಳ್ನಕ್ಕರು. ನಾನು ಮೇಜಿನ ಬಟ್ಟೆಯ ಹೂ ನೋಡಿದೆ.

ಝುಬೈದಾ ಪ್ರಮಾಣ ಮಾಡಿದಳು.

"ನೀವು ಮಕ್ಕಳಿಗೆ ಹೇಳಿಕೊಡೋದು 'ಇದೆ' ಅಂತಾನೋ, 'ಉಂಟು' ಅಂತಾನೋ?"

"ಎರಡೂ ಉಂಟು ಸರ್."

ಹಿಂದೆ ಯಾರೋ ನಕ್ಕರು. ಕಾರ್ಯದರ್ಶಿಗಳು ಕೆಮ್ಮಿ ಮುಂದುವರಿದರು. "ಬೊಂಡ?"

"ನಮ್ಮ ಊರಲ್ಲಿ ಕುಡಿಯುದು, ನಿಮ್ಮ ಊರಲ್ಲಿ ತಿನ್ನುದು ಅಂತ ಹೇಳಿ ಕೊಟ್ಟಿದ್ದೇನೆ. ಯಾವುದು ಜಾಸ್ತಿ ರುಚಿ ಅಂತ ಮಕ್ಕಳು ಕೇಳಿದ್ರು, ಅದಕ್ಕೆ ಮಾತ್ರ ಉತ್ತರ ಕೊಡ್ಲಿಲ್ಲ."

ಈ ಸಲ ನಕ್ಕವರು ಹೆಚ್ಚಿದ್ದರು. ಮೂರ್ತಿಯವರು ಕೈ ಎತ್ತಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಾಗಿ ಕಂಡಿತು. "ನೋಡಮ್ಮ, ಸಂಘದ ನಿರ್ಣಯ ಅಂತ ಒಂದಿದೆ. ಅದನ್ನ ಮೀರಿದೀರಿ. ಕ್ಷಮೆ ಕೇಳಿದ್ರೆ ತರಗತಿ ನಿಮ್ಮ ಹತ್ರಾನೇ ಇರುತ್ತೆ. ಕೊನೇದಾಗಿ ಕೇಳ್ತಿದೀನಿ. ಕ್ಷಮೆ?"

ಝುಬೈದಾ ಎದ್ದು ನಿಂತಳು. ತಲೆಯ ಮೇಲಿನ ಶಾಲು ಸರಿ ಮಾಡಿಕೊಂಡಳು. ನೇರವಾಗಿ ಮೂರ್ತಿಯವರನ್ನು ನೋಡಿ, "ಮಾಫಿ, ಸರ್" ಎಂದಳು.

ಹಿಂದಿನ ಸಾಲಿನಲ್ಲಿ ಒಬ್ಬರು ಚಹಾದ ಲೋಟದೊಳಗೆ ಮುಖ ಹಾಕಿದರು, ಇನ್ನೊಬ್ಬರಿಗೆ ಜೋರು ಕೆಮ್ಮು ಹತ್ತಿತು, ಹನೀಫ್ ಕುರ್ಚಿಯ ಕೆಳಗೆ ಬಗ್ಗಿ ಚಪ್ಪಲಿ ಹುಡುಕತೊಡಗಿದ. ಮೂರ್ತಿಯವರು ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿಕೊಂಡರು.

"ಮಾಫಿ ಅಂದ್ರಲ್ಲ, ಸಾಕು. ತರಗತಿ ಅವರದೇ. ಸಭೆ ಮುಗೀತು."

"ಬರವಣಿಗೆಯಲ್ಲಿ ತಗೊಳ್ಳೋಣ ಸರ್" ಎಂದರು ಕಾರ್ಯದರ್ಶಿಗಳು.

"ತುಂಬಿದ ಸಭೆಯಲ್ಲಿ ಬಾಯಿಬಿಟ್ಟು ಹೇಳಿದಾರಲ್ರೀ. ಇನ್ನೇನು ಬೇಕು?"

ನನಗೆ ಮೈಯೆಲ್ಲ ಉರಿಯಿತು. ಬೆಟ್ಟದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ ಹೆಂಗಸು, ಇಲ್ಲಿ ಒಂದೇ ಮಾತಿಗೆ ಬಗ್ಗಿಬಿಟ್ಟಳು.

ಕಾರಿನಲ್ಲಿ

ಮನೆಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರ ಭುಜವೂ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ನಾನು ಮೆತ್ತಗಾದೆ.

"ಹೋಗಲಿ ಬಿಡಮ್ಮ. ಕ್ಷಮೆ ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ" ಎಂದೆ.

ಹನೀಫ್ ಕಾರನ್ನು ಬದಿಗೆ ನಿಲ್ಲಿಸಿಬಿಟ್ಟ. ನಕ್ಕು ನಕ್ಕು ಅವನಿಗೆ ಸ್ಟೇರಿಂಗ್ ಹಿಡಿಯಲು ಆಗುತ್ತಿರಲಿಲ್ಲ. "ಕ್ಷಮೆ ಎಲ್ಲಿ ಕೇಳಿದ್ಳು ಮಾರಾಯ್ರೆ? ಇಲ್ಲಿ ಅರಬ್ಬಿಯಲ್ಲಿ ಮಾಫಿ ಅಂದ್ರೆ 'ಇಲ್ಲ' ಅಂತ. ನೀರು ಮಾಫಿ, ಕೆಲಸ ಮಾಫಿ, ಸಂಬಳ ಮಾಫಿ. ಅವರು ಕ್ಷಮೆ ಅಂತ ಕೇಳಿದ್ರು, ಇವಳು ಇಲ್ಲ ಅಂದ್ಳು."

ತಾಯಿಫಿನ ಅಂಗಡಿಯ ಮುದುಕ ನೆನಪಾದ. ಪನ್ನೀರು ಇಲ್ಲ, ಸೋಪು ಇಲ್ಲ, ಕುರ್ಚಿ ಇಲ್ಲ ಎಂದು ಆ ಮನುಷ್ಯ ಅಷ್ಟು ಸಲ ಹೇಳಿದರೂ ಬಿಡದೆ ನಾನು ಅವನ ಕೈ ಹಿಡಿದು ಸಂತೈಸಿದ್ದೆ. ತಂಗಿಗೆ ಕಳಿಸಿದ ಸಂದೇಶವನ್ನು ಅಳಿಸಲು ನೋಡಿದೆ, ಅವಳು ಅದನ್ನಾಗಲೇ ನಾಲ್ಕು ಗುಂಪಿಗೆ ಹಂಚಿಯಾಗಿತ್ತು.

"ಪ್ರಮಾಣ ಮಾಡಿದ್ಯಲ್ಲ?" ಎಂದೆ ಝುಬೈದಾಗೆ.

"ಸತ್ಯವೇ ಹೇಳಿದ್ದು ಮೇಡಂ. ಕ್ಷಮೆ ನನ್ನ ಹತ್ರ ನಿಜವಾಗಿ ಇರ್ಲಿಲ್ಲ." ಅವಳು ಕಣ್ಣೊರೆಸಿಕೊಂಡು ಹಿಂದೆ ತಿರುಗಿದಳು. "ಅಡಗಿದ್ದ ಪಾದ್ರಿಗಳ ಕಥೆ ಹೇಳಿದ್ದು ನೀವೇ ಅಲ್ವಾ?"

ಬದುಕಿನಲ್ಲಿ ಒಬ್ಬ ವಿದ್ಯಾರ್ಥಿನಿಯಾದರೂ ನನ್ನ ಪಾಠವನ್ನು ಪರೀಕ್ಷೆಯ ಹೊರಗೆ ಉಪಯೋಗಿಸಿದಳು. ನನಗೆ ಬಂದ ಖುಷಿಯನ್ನು ಹೇಳಿ ಮುಗಿಸಲು ಆಗದು. ಮೂರ್ತಿಯವರ ಮೇಲೆ ಸ್ವಲ್ಪ ಮರುಕವೂ ಹುಟ್ಟಿತು. ಪಾಪ, ಅಷ್ಟು ದೊಡ್ಡ ಎಂಜಿನಿಯರ್, ಒಂದು ಪದದಲ್ಲಿ ಮೋಸ ಹೋದರಲ್ಲ ಎಂದು.

ವಿಮಾನ ನಿಲ್ದಾಣದ ದಾರಿ

ಹೊರಡುವ ದಿನ ಮುಖ್ಯ ಅತಿಥಿಯನ್ನು ಅಧ್ಯಕ್ಷರೇ ಬಿಡಬೇಕು ಎಂದು ಮೂರ್ತಿಯವರು ತಾವೇ ಕಾರು ತಂದರು. ದಾರಿಯಲ್ಲಿ, ನಾನೇನೂ ಕೇಳದಿದ್ದರೂ, ಮಗಳ ವಿಷಯ ತೆಗೆದರು.

"ಮೊದಲೆಲ್ಲ ನಮ್ಮಮ್ಮನ ಹತ್ರ ಹಾಯ್ ಅಜ್ಜಿ, ಬೈ ಅಜ್ಜಿ, ಅಷ್ಟೇ ಮೇಡಂ. ಆ ಪದಾರ್ಥದ ಗಲಾಟೆ ಆದ್ಮೇಲೆ ನಮ್ಮಮ್ಮ ದಿನಾ ತಾವೇ ಫೋನ್ ಮಾಡ್ತಾರೆ. ಇಬ್ರೂ ಅರ್ಧ ಗಂಟೆ ಜಗಳ ಆಡ್ತಾರೆ. ಪೂರ್ತಿ ಕನ್ನಡದಲ್ಲಿ."

"ಹಾಗಾದರೆ ಸಮಿತಿ ಕೂರಿಸಿದ್ದು ಯಾಕೆ?"

"ನಿರ್ಣಯ ಪಾಸಾಗಿತ್ತಲ್ಲ ಮೇಡಂ" ಎಂದರು. "ಹೇಗೆ ಹಿಂದಕ್ಕೆ ತಗೊಳ್ಳೋದು?"

ಅಷ್ಟರಲ್ಲಿ ಕಾರಿನ ಫೋನು ರಿಂಗಾಯಿತು. ಸೈಟಿನಿಂದ ಫೋರ್‌ಮನ್. ಮೂರ್ತಿಯವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಉಸಿರು ಬಿಡದೆ ಗದರಿದರು. "ಪಂಪ್ ಮಾಫಿ? ಡ್ರೈವರ್ ಭೀ ಮಾಫಿ? ಕಲ್ ಸಿಮೆಂಟ್ ಮಾಫಿ, ಆಜ್ ಪಂಪ್ ಮಾಫಿ, ತುಮ್ ಲೋಗ್ ಕೋ ಶರಮ್ ಮಾಫಿ? ಯಲ್ಲಾ, ದೂಸರಾ ಭೇಜೋ."

ಫೋನು ಇಟ್ಟರು. ನಾನು ಅವರನ್ನೇ ನೋಡುತ್ತಿದ್ದೆ. ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನಿಲ್ದಾಣದ ತಿರುವಿನಲ್ಲಿ ಕಾರು ತಿರುಗಿಸುತ್ತಾ ಮೆಲ್ಲಗೆ ಹೇಳಿದರು.

"ನಾನು ಕನ್ನಡ ಸಂಘದ ಅಧ್ಯಕ್ಷ ಮೇಡಂ. ಸಭೆಯಲ್ಲಿ ಕೂತ ಮೇಲೆ ಎಲ್ಲಾನೂ ಕನ್ನಡದಲ್ಲೇ ಕೇಳಿಸ್ಕೋಬೇಕಲ್ವಾ?"